ಅವ್ವನ ಹಲ್ಲಿನ ಕೇಸು

ಐವರ್ನಾಡು
೧೮-೨-೧೯೬೨

ಚಿ.ಸೌ. ಕಮಲಾವತಿಗೆ ಅವ್ವನ ಆಶೀರ್ವಾದ.

ಇಚಿಲಂಪಾಡಿಯಲ್ಲಿ ನೀನು, ಅಳಿಯಂದಿರು, ಮಗು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಕೋಪಿಸಿಕೊಳ್ಳಬೇಡ. ಕೋರ್ಟಿಗೆ ಓಡಾಡುವ ಹೆಂಗಸಿಗೆ ಪುರುಸೊತ್ತು ಎಲ್ಲಿ ಸಿಗುತ್ತದೆ, ಹೇಳು.

ಕೇಸು ಮುಗಿಯಿತು. ನಿನ್ನ ಅಣ್ಣ ಅಚ್ಚುತನ ಜೊತೆ ಒಂದು ದವಡೆಹಲ್ಲು ಕೀಳಿಸಲು ಪುತ್ತೂರಿಗೆ ಹೋದವಳಿಗೆ ಡಾಕ್ಟರ್ ಮಹಾಗಣಪತಿಯವರು ಮದ್ದು ಮೂಸಿಸಿ, ಎಚ್ಚರಾಗುವಷ್ಟರಲ್ಲಿ ಬಾಯಿಯನ್ನೇ ಖಾಲಿ ಮಾಡಿದ್ದು ನಿನಗೆ ಗೊತ್ತೇ ಇದೆ. ನಿನ್ನ ಮೇದಪ್ಪ ಮಾವ ಸುಮ್ಮನೆ ಬಿಡುವ ಜನವೇ? ಪೊಲೀಸರಿಗೆ ದೂರು ಕೊಟ್ಟ. ಕಾನೂನಿನಲ್ಲಿ ಎಲುಬು ಮುರಿಯುವುದೂ ಹಲ್ಲು ಮುರಿಯುವುದೂ ಒಂದೇ ಸಾಲಿನಲ್ಲಿವೆಯಂತೆ, ವರ್ಷಗಟ್ಟಲೆ ಜೈಲಂತೆ. ನನ್ನ ಬಾಯಿಗೆ ಇಷ್ಟು ಬೆಲೆಯಿದೆಯೆಂದು ನಿನ್ನ ಅಪ್ಪ ಇದ್ದಾಗಲೂ ನನಗೆ ತಿಳಿದಿರಲಿಲ್ಲ.

ಡಾಕ್ಟರು ಕೋರ್ಟಿನಲ್ಲಿ, ನಮ್ಮ ಮನೆಯವರು ಒಪ್ಪಿದ್ದರು ಎಂದಷ್ಟೇ ಹೇಳಿದರು. ಯಾರೆಂದು ಹೇಳಲಿಲ್ಲ. ಒಂದೇ ಹಲ್ಲು ಎಂದು ತಾನು ಹೇಳಿದ್ದಾಗಿ ಅಚ್ಚುತ ಪೊಲೀಸರಿಗೆ ಬರೆಸಿದ್ದ. ಹಾಗಾಗಿ ಡಾಕ್ಟರು ಸುಳ್ಳುಗಾರನೆಂದು ಮೇದಪ್ಪ ಹಲ್ಲು ಕಡಿದ. ಅವನಿಗೆ ಹಲ್ಲಿದೆಯಲ್ಲ, ಕಡಿಯಲಿ. ಮ್ಯಾಜಿಸ್ಟ್ರೇಟರು ಮಾತ್ರ ಡಾಕ್ಟರನ್ನೇ ನೋಡಿ, "ಈ ಅಮ್ಮ ಏನು ಎಳೆ ಮಗುವಾ? ಬುದ್ಧಿ ಸ್ತಿಮಿತ ಇಲ್ಲದವರಾ? ಮನೆಯವರು ಯಾರೇ ಒಪ್ಪಲಿ, ಇವರ ಬಾಯಿಯ ವಿಷಯ ಇವರನ್ನೇ ಕೇಳಬೇಕಿತ್ತು" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ. ನಮ್ಮಲ್ಲಿ ಹೆಂಗಸಿನ ಕಾಯಿಲೆಯನ್ನೂ ಗಂಡಸರೇ ಒಳಗೆ ಹೋಗಿ ಡಾಕ್ಟರಿಗೆ ಹೇಳುವುದು, ನಾವು ಹೊರಗೆ ಸೆರಗು ಹೊದ್ದು ಕೂರುವುದು ತಾನೇ?

ಸಾಕ್ಷಿಗಳನ್ನು ಕರೆಯುವ ಮೊದಲು, ನಾನು ಒಪ್ಪಿದರೆ ರಾಜಿ ಆಗಬಹುದು ಎಂದು ಮ್ಯಾಜಿಸ್ಟ್ರೇಟರೇ ಹೇಳಿದರು. ನಾನು ಒಪ್ಪಿದೆ. "ಎಂತ ಅಕ್ಕ, ಗೆಲ್ಲುವ ಕೇಸನ್ನು ಬಿಡುದಾ?" ಎಂದ ಮೇದಪ್ಪ, ಬಸ್ಸಿನಲ್ಲಿ ಮುಖ ಊದಿಸಿಕೊಂಡು ಬೇರೆ ಸೀಟಿನಲ್ಲಿ ಕೂತ.

ಡಾಕ್ಟರೇ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದಾರೆ. ನಿನ್ನೆ ಚಕ್ಕುಲಿ ತಿಂದೆ. ಎಲೆಯಡಿಕೆ ಮಾತ್ರ ಅದಕ್ಕೆ ಜಗ್ಗುವುದಿಲ್ಲ, ನಿನ್ನ ಅತ್ತಿಗೆ ಈಶ್ವರಿ ಗುದ್ದಿ ಕೊಡುತ್ತಾಳೆ. ಅಚ್ಚುತ ನಾನು ಹೇಳದೆಯೇ ಒಳ್ಳೆಯ ಹೊಗೆಸೊಪ್ಪು ತಂದಿಟ್ಟಿದ್ದಾನೆ. ಸುಖವಾಗಿದ್ದೇನೆ, ಚಿಂತೆ ಬೇಡ. ಮಗುವಿಗೆ ಮುದ್ದು. ನಿಮ್ಮ ಮನೆ ತುಂಬಿರಲಿ.

ನಿನ್ನ ಅವ್ವ
ದುಗ್ಗಮ್ಮ

ತಾ.ಕ.: ಇದನ್ನು ಅಳಿಯಂದಿರಿಗೆ ಓದಿ ಹೇಳಬೇಡ. ಆ ದಿನ ರಾಜಿಗೆ ಮೊದಲು ಕೋರ್ಟಿನ ಜಗಲಿಯಲ್ಲಿ ಡಾಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮ, ಎಲ್ಲ ತೆಗೆದುಬಿಡಿ, ಈ ಎಲೆಯಡಿಕೆ ಉಗುಳುದು ನಿಂತರೆ ಸಾಕು ಅಂತ ಹೇಳಿದ್ದು ನಿಮ್ಮ ಮಗ. ನಿಮ್ಮನ್ನು ಕೇಳದ್ದು ನನ್ನ ತಪ್ಪೇ. ಈಗ ಕೇಳ್ತೇನೆ, ಅವರ ಹೆಸರು ಹೇಳುದಾ, ಬೇಡವಾ?" ನಾನು ಬೇಡ ಎಂದೆ. ಅಚ್ಚುತ ಅಲ್ಲೇ ಕಂಬದ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ. ಹಲ್ಲು ಕೀಳಿಸಿದ ದಿನ ಅವನು ಒಳಗೆ ಡಾಕ್ಟರ ಹತ್ತಿರ ಮಾತಾಡುವಾಗ ನಾನು ಬಾಗಿಲಿನಾಚೆ ಬೆಂಚಿನಲ್ಲೇ ಇದ್ದೆ, ಕಮಲಾ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಎಲೆಯಡಿಕೆ ಬಿಟ್ಟೇಬಿಡುತ್ತಿದ್ದೆ.