ಯಮನೂರಪ್ಪನವರ ತಲೆಗೆ ಕಟ್ಟಿದ ತಪ್ಪು

ಗದಗ
ಕ್ರಿ.ಶ. 2231, ಹದಿಮೂರನೆಯ ತಿಂಗಳ ಒಂಬತ್ತು

ವೈರ್‌ಮನ್ ಯಮನೂರಪ್ಪನವರಿಗೆ, ನೀಲಗಂಗಾ ಹೂಗಾರಳ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಕಂಡು ನಗಬೇಡಿ, ನಮ್ಮ ಕ್ಯಾಲೆಂಡರೇ ಹಾಗೆ. ಹಿಂದಿನ ಕಾಲದವರಿಗೆ ಬರೆಯುವ ಇಂಥ ಕಾಗದವನ್ನು ನಾವು ಹಿನ್ನೋಲೆ ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಚಾವಣಿಸಾಕ್ಷಿ. ಅಂದರೆ ಫಾಲ್ಸ್ ಸೀಲಿಂಗಿನ ಮೇಲೆ ಕೇಬಲ್ಲುಗಳು ಭದ್ರವಾಗಿವೆಯೇ ಎಂದು ನೋಡಿ ಸಹಿ ಹಾಕುವವಳು. ಕೇಬಲ್ಲನ್ನು ಸೀಲಿಂಗಿನ ಹಲಗೆಗಳ ಮೇಲೆ ಮಲಗಿಸಬಾರದು, ಮೇಲಿನ ಸ್ಲ್ಯಾಬಿಗೇ ಉಕ್ಕಿನ ಕ್ಲ್ಯಾಂಪು ಹೊಡೆದು ಹಿಡಿಸಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದರೆ ಬೆಂಕಿಯ ಕಾವಿಗೆ ಮೊದಲು ಕರಗುವುದು ಅದೇ. ಆದರೆ ನಮ್ಮಲ್ಲೊಂದು ರೂಢಿಯಿದೆ. ಸಾಕ್ಷಿಗಳು ಬಾಗಿಲ ಪಕ್ಕದ ಒಂದೇ ಹಲಗೆ ಸರಿಸಿ ನೋಡುತ್ತಾರೆ. ಕೆಲಸದವರಿಗೂ ಇದು ಗೊತ್ತು, ಅಷ್ಟು ಜಾಗದಲ್ಲಿ ಮಾತ್ರ ಉಕ್ಕು ಹೊಡೆದು ಉಳಿದೆಡೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಹೋದ ವರ್ಷ ನೇಕಾರರ ಭವನದಲ್ಲಿ ಹೊಸ ಕೇಬಲ್ ಎಳೆದಾಗ ನಾನೂ ಹಾಗೇ ನೋಡಿ, ಚಹಾ ಕುಡಿದು, ಸಹಿ ಹಾಕಿ ಬಂದೆ.

ನಾಲ್ಕು ತಿಂಗಳ ಹಿಂದೆ ಅಲ್ಲಿ ಬೆಂಕಿ ಬಿತ್ತು. ಅಗ್ನಿಶಾಮಕದ ಕಳಕಪ್ಪ ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ ಕೊನೆಗೆ ತಾನು ಹೊರಟ. ಅಷ್ಟರಲ್ಲಿ ಆ ಹೊಸ ಕೇಬಲ್ಲುಗಳು ಒಮ್ಮೆಗೇ ಜೋತುಬಿದ್ದು ಅವನ ಬೆನ್ನಿನ ಉಸಿರುಗಾಳಿಯ ಸಿಲಿಂಡರಿಗೆ ಸಿಕ್ಕಿಕೊಂಡವು. ಬಾಗಿಲು ಹತ್ತೇ ಹೆಜ್ಜೆ ದೂರವಿತ್ತು. ಅವನು ಬರಲಿಲ್ಲ.

ಮರುದಿನ ತಲೆಯೆತ್ತಿ ನೋಡಿದೆ. ಅದೇ ಭವನದಲ್ಲಿ ಹಿಂದೆ ನೀವು ಎಳೆದ ಹಳೆಯ ಕೇಬಲ್ಲುಗಳು ಕರಕಾಗಿದ್ದರೂ ಕ್ಲ್ಯಾಂಪುಗಳಲ್ಲಿ ಹಾಗೇ ನಿಂತಿದ್ದವು. ಪಕ್ಕದಲ್ಲಿ ಉಳಿಯಿಂದ ಕೆತ್ತಿದ ನಿಮ್ಮ ಹೆಸರು, 2026 ಎಂಬ ಇಸವಿ. ಬಿದ್ದ ಕೇಬಲ್ಲುಗಳು ಯಾರ ಕೆಲಸವೆಂದು ವಿಚಾರಣೆಯಲ್ಲಿ ಕೇಳಿದರು. ಬಿದ್ದದ್ದು ಹಳೆಯವೇ ಎಂದು ನಾನು ನಿಮ್ಮ ಹೆಸರು ಹೇಳಿದೆ. ಹಳಬರ ಕೆಲಸಕ್ಕೆ ಸಾಕ್ಷಿಗಳು ಹೊಣೆಯಲ್ಲ, ಮತ್ತೆ ನೀವು ಎದ್ದು ಬಂದು ಅಲ್ಲವೆನ್ನುವಂತಿಲ್ಲ. ಎಲ್ಲರಿಗೂ ಅನುಕೂಲವಾಯಿತು.

ನಿನ್ನೆ ಕಳಕಪ್ಪನ ತಾಯಿ ಶಿವಗಂಗವ್ವ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಖರೇ ಹೇಳಿದಾಕಿ ನೀ ಒಬ್ಬಾಕಿನ ನೋಡವ್ವಾ. ಆ ಯಮನೂರಪ್ಪನ ವಂಶದಾಗ ಒಂದು ದೀಪಾನೂ ಹತ್ತಬಾರದು," ಅಂದರು.

ನಾನು ಅವರನ್ನು ಬಾಗಿಲವರೆಗೆ ಕಳಿಸಿ ಬಂದೆ. ಆಗಿನಿಂದ ನಾಚಿಕೆಗೆ ಊಟದ ತಟ್ಟೆಯನ್ನೇ ಮುಟ್ಟಿಲ್ಲ.

ಈಗ ಅವರ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಶಾಪ ನನಗೆ ಸೇರಬೇಕಾದದ್ದೆಂದು ಅವರ ಎದುರಿಗೇ ಹೇಳಬೇಕು. ಕ್ಷಮಿಸಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ಒಂದೇ ಬಿನ್ನಹ. ಇದನ್ನು ಓದಿದ ಮೇಲೂ ಆ ಕ್ಲ್ಯಾಂಪುಗಳನ್ನು ಹಾಗೇ ಹೊಡೆಯಿರಿ. ಹೆಸರು ಮಾತ್ರ ಕೆತ್ತಬೇಡಿ, ಅದು ನಮ್ಮಂಥವರ ಕೈಗೆ ಸಿಗುತ್ತದೆ.

ಶಿವಗಂಗವ್ವ ಬಾಗಿಲು ತೆಗೆದರು. ಬರುತ್ತೇನೆ.

ನೀಲಗಂಗಾ