ಇಳಿಸಿದವರು ಯಾರು ಎಂದು ಕೇಳಿದ ಗೋಡೆ

ಇಸವಿ 2287, ಜೇಡಿ ಮಾಸದ ಮೂವತ್ತೆಂಟನೆಯ ದಿನ

ಶ್ರೀ ಇಂದುಧರ ಹೊಸಪೇಟಿ ಅವರಿಗೆ,

ತಿಂಗಳಿಗೆ ಮೂವತ್ತೆಂಟನೆಯ ದಿನ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ತಿಂಗಳು ನಲವತ್ತು ದಿನದ್ದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಗೋಡೆಗಳಿಂದ. ಈ ಕ್ಷಮೆ ಮಾತಿಗಷ್ಟೇ. ಬೇರೆ ಯಾವುದಕ್ಕೂ ನಾನು ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ನಿಮಗೆ ಕೊಡುವುದೂ ಇಲ್ಲ.

ನನ್ನ ಹೆಸರು ಹುಲಿಗೆವ್ವ. ಪದರಿಗಿತ್ತಿ, ಅಂದರೆ ಹಳೆಯ ಗೋಡೆಗಳ ಬಣ್ಣವನ್ನು ಪದರಪದರವಾಗಿ ಬಿಡಿಸಿ ಅಡಿಯಲ್ಲಿರುವುದನ್ನು ಓದುವವಳು. ನಿಮ್ಮ ನಗರಸಭೆ ಕಚೇರಿಯ ಮುಂದಿನ ರಸ್ತೆ ಗುಡಿಸುವ ದುರುಗಮ್ಮ ನನಗೆ ಹತ್ತು ತಲೆಮಾರು ಹಿಂದಿನ ಅಜ್ಜಿ. ಆಕೆಯ ಮುಖ ನಿಮಗೆ ನೆನಪಾಗಲಿಕ್ಕಿಲ್ಲ. ಆಕೆಯ ಗಂಡ ಕೊಟ್ರೇಶಿ, ಮೈದುನ ಮಾರೆಪ್ಪ, ಪಕ್ಕದ ಮನೆಯ ಚೌಡಪ್ಪ, ಈ ಮೂವರು ಹೋದ ತಿಂಗಳು ಗಿರಣಿ ರಸ್ತೆಯ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತದ್ದು ಮಾತ್ರ ನೆನಪಿರಲೇಬೇಕು. "ಮಂತ್ರಿಗಳು ಬರ್ತಾರೆ, ಇವತ್ತೇ ಆಗ್ಬೇಕು, ಇಳಿಸ್ರೀ ಅವರ್ನ" ಎಂದು ಫೋನಿನಲ್ಲಿ ಗದರಿದವರು ನೀವೇ. ಆಮೇಲೆ ಕಡತದಲ್ಲಿ "ಕಾರ್ಮಿಕರು ತಾವಾಗಿಯೇ ಇಳಿದರು" ಎಂದು ಬರೆಸಿ ಕೈತೊಳೆದುಕೊಂಡಿರಿ.

ಮೊನ್ನೆ ದುರುಗಮ್ಮ ಗಿರಣಿಯ ಕಾಂಪೌಂಡ್ ಗೋಡೆಯ ಮೇಲೆ, ಮನೆಗೆ ಬಳಿಯಲು ಇಟ್ಟುಕೊಂಡಿದ್ದ ಕೆಮ್ಮಣ್ಣನ್ನು ಕಲಸಿ, ಮೂರು ದುಂಡನೆಯ ಗುಂಡಿಗಳನ್ನು ಬರೆದಳು. ಒಂದೊಂದರಲ್ಲಿ ಒಂದೊಂದು ಮುಖ, ಅದರಡಿ ಹೆಸರು. ಆಕೆಗೆ ಓದು ಬರುತ್ತಿರಲಿಲ್ಲ. ಮಗಳ ಕೈಯಲ್ಲಿ ಹಾಳೆಯ ಮೇಲೆ ಬರೆಸಿಕೊಂಡು, ಅದನ್ನು ನೋಡಿನೋಡಿ ತಿದ್ದಿದಳು. ಎಲ್ಲಕ್ಕಿಂತ ಕೆಳಗೆ ಮೊಳದುದ್ದದ ಅಕ್ಷರದಲ್ಲಿ ಕೇಳಿದಳು: "ಇಳಿಸಿದವರು ಯಾರು?" ಅದಕ್ಕೆ ಸುಣ್ಣ ಬಳಿಸುವ ಆದೇಶಕ್ಕೆ ಇವತ್ತು, ಈ ಕಾಗದ ನಿಮ್ಮ ಕೈಸೇರುವ ದಿನ, ನೀವು ಸಹಿ ಹಾಕಿದ್ದೀರಿ.

ನಮ್ಮಲ್ಲಿ ಹಾಗೆ ಮಾಡಲಾಗದು. ಪ್ರತಿ ಬೀದಿಗೂ ಒಂದು ಬಾಯಿಗೋಡೆ ಇದೆ. ಯಾರು ಬೇಕಾದರೂ ಅದರ ಮೇಲೆ ಬರೆಯಬಹುದು, ಬಯ್ಯಬಹುದು, ಚಿತ್ರ ಬಿಡಿಸಬಹುದು. ಬೆಳಿಗ್ಗೆ ಹಾಲು ತರಲು ಹೋದವರು ಅದರ ಮುಂದೆ ಒಂದು ಗಳಿಗೆ ನಿಂತು ಓದಿಯೇ ಮನೆಗೆ ಬರುವುದು. ನೀರು ಬಿಡದ ಎಂಜಿನಿಯರನ ಮೂಗು ಅಲ್ಲಿ ವಾರಕ್ಕೊಂದು ಗೇಣು ಬೆಳೆಯುತ್ತದೆ, ನೀರು ಬಂದ ದಿನ ಅವನೇ ಬಂದು ಪಕ್ಕದಲ್ಲಿ ತನ್ನ ಮೊಂಡು ಮೂಗನ್ನು ಬರೆದು ಹೋಗುತ್ತಾನೆ. ಒಪ್ಪಿಗೆಯಾಗದಿದ್ದರೆ ಪಕ್ಕದಲ್ಲಿ ಬರೆಯಬೇಕು, ಮೇಲೆ ಬಳಿಯಬಾರದು. ಅಳಿಸಲು ಅನುಮತಿ ಕೊಡುವ ಹಕ್ಕು ಅನ್ಯಾಯವಾದವರ ವಂಶಕ್ಕೆ ಮಾತ್ರ. ನಿಮ್ಮ ಗೋಡೆಯ ಮಟ್ಟಿಗೆ ಆ ಹಕ್ಕು ನನ್ನದು.

ಇಲ್ಲಿ, ನಮ್ಮ ಕಾಲದಲ್ಲಿ, ಹೋದ ವಾರ ನಿಮ್ಮ ವಂಶದ ನೇಸರ ಎಂಬ ಹೆಣ್ಣುಮಗಳು ನನ್ನ ಮನೆಗೆ ಬಂದಳು. "ಹತ್ತು ತಲೆಮಾರು ಆತಲ್ಲಕ್ಕಾ, ಇನ್ನ ಸಾಕು ಮಾಡ್ರಿ. ನನ್ನ ಮಗಳು ದಿನಾ ಅದೇ ದಾರ್ಯಾಗ ಸಾಲಿಗೆ ಹೋಗ್ತಾಳ" ಎಂದು ಕಣ್ಣೀರು ಹಾಕಿದಳು. ಒಳ್ಳೆಯ ಹುಡುಗಿ. ಚಹಾ ಕೊಟ್ಟೆ, ಅನುಮತಿ ಕೊಡಲಿಲ್ಲ. ದುರುಗಮ್ಮನ ಮಗಳೂ ದಿನಾ ಅದೇ ದಾರಿಯಲ್ಲಿ ಶಾಲೆಗೆ ಹೋದಳು, ಆ ಮ್ಯಾನ್‌ಹೋಲಿನ ಮುಚ್ಚಳ ದಾಟಿಕೊಂಡು.

ಹಿಂದಂಚೆ ಎಂಬುದೊಂದಿದೆ, ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಮೊದಲು ನಾನು ಕೊಟ್ರೇಶಿಗೇ ಮೂರು ಸಲ ಬರೆದೆ, ಇಳಿಯಬೇಡಪ್ಪಾ ಎಂದು. ಮೂರು ಸಲವೂ ವಾಪಸ್ಸು ಬಂತು. ಸತ್ತವರನ್ನು ಬದುಕಿಸುವ ಕಾಗದ ಹೋಗುವುದಿಲ್ಲವಂತೆ. ಆ ದಿನ ಅಂಚೆಯ ಕಟ್ಟೆಯ ಮೇಲೆ ಕೂತು ಅತ್ತೆ. ಅಳು ನಿಂತ ಮೇಲೆ ನಿಮ್ಮ ವಿಳಾಸ ಬರೆದೆ.

ನಾಳೆ ಏನಾಗುತ್ತದೆಂದು ಹೇಳುತ್ತೇನೆ. ಸುಣ್ಣ ಬಳಿಯಲು ನೀವು ಬೇಕೆಂದೇ ದುರುಗಮ್ಮನನ್ನು ಕರೆಸುತ್ತೀರಿ. ಅವಳು ತನ್ನ ಗಂಡನ ಮುಖದ ಮೇಲೆ ತಾನೇ ಸುಣ್ಣ ಬಳಿಯುತ್ತಾಳೆ. ನೀವು ಛತ್ರಿಯಡಿ ನಿಂತು ನೋಡುತ್ತೀರಿ. ಸುಣ್ಣ ಒಣಗಿದ ಮೇಲೆ, ಪ್ರತಿ ಕೆಲಸದ ಮೇಲೂ ಹೆಸರು ಹಾಕಿಸಿಕೊಳ್ಳುವ ನಿಮ್ಮ ಚಾಳಿಯಂತೆ, ಪೇಂಟರನನ್ನು ಕರೆಸಿ ಗೋಡೆಯ ಕೆಳತುದಿಯಲ್ಲಿ ನೀಲಿ ಎಣ್ಣೆಬಣ್ಣದಲ್ಲಿ ಬರೆಸುತ್ತೀರಿ: "ಶ್ರೀ ಇಂದುಧರ ಹೊಸಪೇಟಿ, ಅಧಿಕಾರಿಗಳು."

ಬರೀ ಕೆಮ್ಮಣ್ಣಾಗಿದ್ದರೆ ಎರಡು ಮಳೆಗೆ ತೊಳೆದುಹೋಗುತ್ತಿತ್ತು. ನೀವು ಬಳಿಸಿದ ಸುಣ್ಣ ಅದನ್ನು ನೂರಾರು ವರ್ಷ ಕಾಪಾಡಿತು. ಅದನ್ನು ಬಿಡಿಸಿದವಳು ನಾನು, ಹನ್ನೊಂದು ತಿಂಗಳು, ಕೋಳಿಪುಕ್ಕದಲ್ಲಿ. ಮೂರು ಮುಖಗಳು ಬಂದವು. ಪ್ರಶ್ನೆ ಬಂತು. ನಿಮ್ಮ ಎಣ್ಣೆಬಣ್ಣ ಹಿಡಿದುಕೊಂಡಿದ್ದ ಜಾಗದಲ್ಲಿ ಮಾತ್ರ ಸುಣ್ಣ ಬಿಡಲಿಲ್ಲ. ಹಾಗಾಗಿ "ಇಳಿಸಿದವರು ಯಾರು?" ಎಂಬುದರ ಸರಿಯಾಗಿ ಕೆಳಗೆ ನಿಮ್ಮ ಹೆಸರಿದೆ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳು ಬಂದು ಪ್ರಶ್ನೆಯನ್ನೂ ಉತ್ತರವನ್ನೂ ಗಟ್ಟಿಯಾಗಿ ಓದುತ್ತಾರೆ.

ನನ್ನದೊಂದೇ ಕೋರಿಕೆ. ನಾಳೆ ಸುಣ್ಣ ದಪ್ಪಗೆ ಬಳಿಸಿ, ಹೆಸರಿಗೆ ಒಳ್ಳೆಯ ಬಣ್ಣ ತರಿಸಿ. ಈ ಕಾಗದ ಓದಿ ನೀವು ಹಿಂಜರಿಯುತ್ತೀರೇನೋ ಎಂಬ ಭಯ ನನಗಿಲ್ಲ. ಯಾರೋ ಹುಚ್ಚಿಯ ಬರಹವೆಂದು ಹರಿದು ಬುಟ್ಟಿಗೆ ಹಾಕಿ, ಪೇಂಟರನಿಗೆ ಫೋನು ಮಾಡುತ್ತೀರಿ. ಮಾಡಿದ್ದೀರಿ. ಇವತ್ತು ಬೆಳಿಗ್ಗೆ ಹಾಲಿಗೆ ಹೋದಾಗ ನೋಡಿ ಬಂದೆ, ನಿಮ್ಮ ಹೆಸರು ಅಲ್ಲೇ ಇದೆ.

ದುರುಗಮ್ಮನ ವಂಶದ
ಹುಲಿಗೆವ್ವ