ಸುತ್ತ ಐವತ್ತು ಅಡಿ

ಕೆಳಗಿನ ಮನೆ
ಹನ್ನೆರಡನೇ ತಾರೀಖು, ಗುರುವಾರ

ನನ್ನ ಮನೆಯ ಯಜಮಾನಿಗೆ,

ಕಾಲು ಹೇಗಿದೆ? ಎಡಗಾಲಿನ ಬೆರಳು ಅಲ್ಲಾಡಿಸುತ್ತಿದ್ದೀಯೆಂದು ದಾದಿ ಹೇಳಿದಳು. ಊಟ ಸಪ್ಪೆ ಎಂದು ತಟ್ಟೆ ವಾಪಸ್ಸು ಕಳಿಸುತ್ತೀಯಂತೆ, ಅದನ್ನೂ ಹೇಳಿದಳು. ತಿನ್ನು. ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೊಂಡು ಓದು. ಭಾನುವಾರ ನೀನಂದದ್ದು ಇನ್ನೂ ಕಿವಿಯಲ್ಲಿದೆ: "ನಾನು ಇಲ್ಲೇ ಇದ್ದುಬಿಡ್ತೀನಿ ಕಣ್ರೀ. ಅಲ್ಲಿಗೆ ಬಂದು ಹಾಸಿಗೆ ಹಿಡಿದು ನಿಮ್ಮ ಕೈಲಿ ಬೈಸಿಕೊಳ್ಳೋದಕ್ಕಿಂತ ಇದೇ ವಾಸಿ." ನಿನ್ನನ್ನು ಮನೆಗೆ ಕಳಿಸುವುದೋ, ಅವರ ಖಾಯಂ ವಾರ್ಡಿಗೆ ಹಾಕುವುದೋ ಎಂದು ಆಸ್ಪತ್ರೆಯವರಿಗೆ ಸೋಮವಾರದೊಳಗೆ ತಿಳಿಸಬೇಕಂತೆ. ತಿಳಿಸುವವಳು ನೀನು. ಅದಕ್ಕೆ ಮೊದಲು ಇದನ್ನು ಪೂರ್ತಿ ಓದು.

ಇನ್ನು ಮೆಟ್ಟಿಲು ಹತ್ತುವುದು ನಿನ್ನಿಂದ ಆಗದ ಮಾತು ಎಂದು ಕೆಳಗಿನ ಕೋಣೆಗೆ ಬಂದಿದ್ದೇನೆ. ಮಂಚ ಇಳಿಸಿ, ಪಾತ್ರೆ ಇಳಿಸಿ ಸೊಂಟ ಬಿದ್ದುಹೋಗಿದೆ. ಕೋಣೆ ನೋಡಿದ ಕೂಡಲೇ ಮನೆಯೊಡತಿಯ ಮೇಲೆ ರೇಗಿದೆ, ಇದೇನಮ್ಮಾ, ಕೋಣೆಯೋ ಓಣಿಯೋ ಎಂದು. "ಮೇಲಿಂದು ಎಷ್ಟಿದೆಯೋ ಇದೂ ಅಷ್ಟೇ ಇದೆ, ಬೇಕಾದ್ರೆ ಅಳೆದು ನೋಡ್ಕೊಳ್ಳಿ" ಎಂದಳು. ಅಳೆದೆ. ಮೇಲಿನದು ಹನ್ನೆರಡಕ್ಕೆ ಹನ್ನೆರಡು, ಇದು ಹದಿನಾರಕ್ಕೆ ಒಂಬತ್ತು. ಗುಣಿಸಿದರೆ ಎರಡೂ ನೂರಾ ನಲವತ್ತನಾಲ್ಕು ಚದರಡಿ. ಬೀಗದ ಕೈ ಇಸಿದುಕೊಂಡೆ.

ನಿನಗೆ ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದಳಲ್ಲ, ಗೋಡೆಯ ಸುತ್ತ ಹಿಡಿದುಕೊಳ್ಳಲು ಕಂಬಿಯಿದ್ದರೆ ಅಜ್ಜಿ ತಾನೇ ಓಡಾಡುತ್ತಾರೆ ಎಂದು. ಪೈಪಿನ ಅಂಗಡಿಗೆ ಹೋಗಿ ನೂರಾ ನಲವತ್ತನಾಲ್ಕು ಅಡಿ ಕೊಡು ಎಂದೆ. ಅವನು ಕಣ್ಣು ಕಣ್ಣು ಬಿಟ್ಟ. "ಯಜಮಾನ್ರೇ, ಕೋಣೆಗೋ, ಊರಿಗೆ ಬೇಲಿ ಹಾಕ್ಸೋಕೋ?" ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದದ್ದು ಅಂದು ಎದ್ದು ಬಂದೆ. ಜೀವಮಾನವೆಲ್ಲ ಮಂದಿಯ ಮನೆಯಲ್ಲಿ ನೆಲಹಾಸು ಹಾಕಿದವನು ನಾನು. ಕೋಣೆ ಕಂಡರೆ ಸಾಕು, ಉದ್ದಕ್ಕೆ ಅಗಲ ಗುಣಿಸುವುದೇ ಅಭ್ಯಾಸ. ಕಂಬಿ ನೆಲದ ಮೇಲೆ ಹಾಸುವ ಸಾಮಾನಲ್ಲ, ಗೋಡೆಗುಂಟ ಓಡುವಂಥದ್ದು, ಅದಕ್ಕೆ ಕೂಡಬೇಕು ಎಂಬುದು ಮನೆಗೆ ಬಂದು ದಾರ ಹಿಡಿದು ಸುತ್ತಿದ ಮೇಲೆ ತಲೆಗೆ ಹೋಯಿತು. ಹದಿನಾರು, ಒಂಬತ್ತು, ಮತ್ತೆ ಹದಿನಾರು, ಒಂಬತ್ತು: ಐವತ್ತು. ಮೇಲಿನ ಕೋಣೆಗಾದರೆ ನಲವತ್ತೆಂಟೇ. ನೆಲ ಅಷ್ಟೇ ಇದ್ದರೂ ಗೋಡೆ ಇಲ್ಲಿ ಎರಡಡಿ ಹೆಚ್ಚು. ನಾನು ಓಣಿ ಎಂದು ಬೈದ ಕೋಣೆಯಲ್ಲಿ ನಿನಗೆ ಹಿಡಿದು ನಡೆಯಲು ಜಾಗ ಜಾಸ್ತಿ. ಮತ್ತೆ ಅದೇ ಅಂಗಡಿಗೆ ಹೋದೆ. ಅವನು ನಗಲಿಲ್ಲ, ಪುಣ್ಯಾತ್ಮ.

ಮೂರು ಗೋಡೆಗೆ ಕಂಬಿ ಕೂತಿದೆ. ನಿನ್ನ ಹಾಗೆ ಎಡಗಾಲು ಎಳೆಯುತ್ತಾ ನಡೆದು ನೋಡಿದೆ. ಒಲೆ, ಕಿಟಕಿ, ಬಚ್ಚಲು ಎಲ್ಲ ಕೈಗೆ ಸಿಗುತ್ತವೆ, ಬಾಗಿಲ ಹತ್ತಿರ ಚೌಕಟ್ಟು ಹಿಡಿದರಾಯಿತು, ಯಾರನ್ನೂ ಕೂಗಬೇಕಾಗಿಲ್ಲ. ಹಾಸಿಗೆ ಹಿಡಿಯುವ ಮಾತು ಇನ್ನೊಮ್ಮೆ ಆಡಬೇಡ. ಸುಸ್ತಾಗಿದೆ, ನಿಲ್ಲಿಸುತ್ತೇನೆ. ದಾದಿಗೆ ನನ್ನ ನಮಸ್ಕಾರ ಹೇಳು. ನಿನಗೆ ಬೇಗ ಕಾಲು ಬರಲಿ.

ನಿನ್ನ ಗಂಡ, ಸಿಡುಕಪ್ಪ

ಮರೆತೆ: ನಾಲ್ಕನೇ ಗೋಡೆಗೆ ನಿನ್ನ ಅಮ್ಮನ ಬೀರು ಅಡ್ಡ ಬಂದಿದೆ. ನೆಲದ ಲೆಕ್ಕಕ್ಕೆ ಅದೊಂದು ತೊಂದರೆಯೇ ಅಲ್ಲ, ಗೋಡೆಯ ಲೆಕ್ಕಕ್ಕೆ ನಾಲ್ಕಡಿ ನುಂಗುತ್ತದೆ, ಕಂಬಿ ಅಲ್ಲಿ ತುಂಡಾಗುತ್ತದೆ. ಮಾರಿಬಿಡಿ ಎಂದು ಮನೆಯೊಡತಿ ಅಂದಳು. ನಿನ್ನನ್ನು ಕೇಳದೆ ನಾನು ಅದನ್ನು ಮುಟ್ಟುವುದಿಲ್ಲ. ಇರಲಿ ಅಂದರೆ ಇರುತ್ತದೆ. ಆ ನಾಲ್ಕಡಿಗೆ ನಾನು ನಿಲ್ಲುತ್ತೇನೆ, ತೋಳು ಹಿಡಿದು ದಾಟು. ನಡುವೆ ನಾನೇನಾದರೂ ಬೈದರೆ ಕೋಪಕ್ಕೆ ಕೈ ಬಿಡಬೇಡ, ಬೀಳುತ್ತೀಯ.